ಹದಿನೈದು ದಿನಕ್ಕೊಮ್ಮೆ ಎರಡು ಗಂಟೆ: ಇಂಗ್ಲೆಂಡಿನ ಒಂದು ಚೈಲ್ಡ್ ಕಾಂಟ್ಯಾಕ್ಟ್ ಸೆಂಟರ್

ಮಗಳನ್ನು ಕಾಣುವ ಅವಕಾಶ ಕೋರಿ ಇಂಗ್ಲೆಂಡಿನ ಫ್ಯಾಮಿಲಿ ಕೋರ್ಟಿಗೆ ಹಾಕಿದ್ದ ಅರ್ಜಿಯನ್ನು ಹಿಂತೆಗೆದುಕೊಳ್ಳಲೋ ಬೇಡವೋ ಎಂದು ನಾನು ತೂಗಿ ನೋಡುತ್ತಿದ್ದ ನಾಲ್ಕು ತಿಂಗಳಲ್ಲಿ, ನಾವಿಬ್ಬರೂ ಭೇಟಿಯಾಗುತ್ತಿದ್ದುದು ಚರ್ಚೊಂದರ ಸಭಾಂಗಣದಲ್ಲಿ ನಡೆಯುವ ಕಾಂಟ್ಯಾಕ್ಟ್ ಸೆಂಟರಿನಲ್ಲಿ, ಅಂದರೆ ತಂದೆತಾಯಿ ಬೇರೆಯಾದ ಮೇಲೆ ಮಗು ತನ್ನ ಜೊತೆಯಲ್ಲಿ ವಾಸಿಸದ ತಂದೆಯನ್ನೋ ತಾಯಿಯನ್ನೋ ಕಾಣುವ ಜಾಗದಲ್ಲಿ. ಏಳು ವರ್ಷದ ಮಗುವಿನ ಗುರುತು ಬಯಲಾಗಬಾರದು, ಕಾನೂನೂ ಅದನ್ನು ಒಪ್ಪುವುದಿಲ್ಲ. ಆದ್ದರಿಂದ ಊರನ್ನೂ ಕೇಂದ್ರವನ್ನೂ ಹೆಸರಿಸುತ್ತಿಲ್ಲ.

ಇಂಥ ಕೇಂದ್ರಗಳಲ್ಲಿ ಮುಖ್ಯವಾಗಿ ಎರಡು ಬಗೆಯುಂಟು. ಸೂಪರ್‌ವೈಸ್ಡ್ ಕೇಂದ್ರದಲ್ಲಿ ಸಿಬ್ಬಂದಿಯೊಬ್ಬರು ಕೈಯಳತೆಯ ದೂರದಲ್ಲಿ ಕುಳಿತು, ಕಂಡದ್ದನ್ನೂ ಕೇಳಿದ್ದನ್ನೂ ಬರೆದುಕೊಂಡು ವರದಿ ಸಿದ್ಧಪಡಿಸುತ್ತಾರೆ. ನಮ್ಮ ಮೊದಲ ಭೇಟಿಗಳು ಅಂಥ ಕಡೆಯೇ ನಡೆದವು. ಬರೆದುಕೊಳ್ಳುವವರಿಗೆ ಅರ್ಥವಾಗಬೇಕಾದ್ದರಿಂದ ಇಂಗ್ಲಿಷಿನಲ್ಲೇ ಮಾತಾಡಿ ಎಂದರು. ಅವರ ಕಾರಣ ನ್ಯಾಯವಾದದ್ದೇ. ಆದರೆ ಹುಟ್ಟಿದಂದಿನಿಂದ ‘ಪುಟ್ಟಿ, ಊಟ ಆಯ್ತಾ’ ಎಂದೇ ಕೇಳಿಸಿಕೊಂಡು ಬೆಳೆದ ಹುಡುಗಿಯ ಎದುರು ನಾನು ಶಾಲೆಯ ಮೇಷ್ಟ್ರಂತೆ ಕುಳಿತಿದ್ದೆ. ಕೇಸು ಕೈಬಿಡುವ ಯೋಚನೆ ಮೊದಲು ಬಂದದ್ದು ಅಲ್ಲಿಂದ ಮರಳುವ ಬಸ್ಸಿನಲ್ಲಿ.

ಆಮೇಲೆ ಸಿಕ್ಕಿದ್ದು ಈ ಸಪೋರ್ಟೆಡ್ ಕೇಂದ್ರ. ಇಲ್ಲಿ ನಾಲ್ಕೈದು ಕುಟುಂಬಗಳು ಒಂದೇ ಸಭಾಂಗಣದಲ್ಲಿರುತ್ತವೆ. ಸ್ವಯಂಸೇವಕರು ಕಣ್ಣಿಟ್ಟಿರುತ್ತಾರೆ, ಕಿವಿಗೊಡುವುದಿಲ್ಲ. ತಾಯಿ ಮಗುವನ್ನು ಒಂದು ಬಾಗಿಲಲ್ಲಿ ಬಿಟ್ಟು ಹೋಗುತ್ತಾರೆ, ತಂದೆ ಇನ್ನೊಂದರಿಂದ ಬರುತ್ತಾನೆ, ಮುಖಾಮುಖಿಯಾಗುವ ಮುಜುಗರವಿಲ್ಲ. ಮನೆಯಿಂದ ಚೌಕಾಬಾರದ ಹಾಸನ್ನೂ ನಾಲ್ಕು ಕವಡೆಗಳನ್ನೂ ಒಯ್ದಿದ್ದೆ. ನಾಲ್ಕೂ ಬೋರಲು ಬಿದ್ದಾಗ ಅವಳು ‘ಬಾರಾ!’ ಎಂದು ಕೂಗಿದ್ದಕ್ಕೆ ಪಕ್ಕದ ಮೇಜಿನ ಅಜ್ಜಿಯಂಥ ಸ್ವಯಂಸೇವಕಿ ತಾನೂ ಆಡಲು ಬಂದರು, ಸೋತರು.

ಕೊರತೆಗಳೂ ಇವೆ. ಆಟಿಕೆಗಳು ಬಹುತೇಕ ಐದು ವರ್ಷದೊಳಗಿನವರಿಗೆ. ಎರಡು ಬಾರಿ ಸ್ವಯಂಸೇವಕರ ಅಭಾವದಿಂದ ಭೇಟಿ ರದ್ದಾಯಿತು, ಅದೂ ಶುಕ್ರವಾರ ರಾತ್ರಿಯ ಸಂದೇಶದಲ್ಲಿ. ಚಹಾದ ಬಗ್ಗೆ ಹೇಳದಿರುವುದೇ ಲೇಸು. ಬಂದ ಹೊತ್ತು, ಹೋದ ಹೊತ್ತು ಬಿಟ್ಟರೆ ಸಾಮಾನ್ಯವಾಗಿ ಇಲ್ಲಿ ಏನನ್ನೂ ದಾಖಲಿಸುವುದಿಲ್ಲ. ಮಗುವಿನ ಸುರಕ್ಷತೆಯ ಪ್ರಶ್ನೆ ಬಂದರೆ ಮಾತ್ರ ಬೇರೆ. ಹಾಗಾಗಿ ತಾನು ಒಳ್ಳೆಯ ತಂದೆ ಎಂಬುದಕ್ಕೆ ಇಲ್ಲಿಂದ ಪುರಾವೆ ಸಿಕ್ಕೀತೆಂದು ನಂಬಿ ಬರುವವರಿಗೆ ನಿರಾಶೆ ಖಂಡಿತ.

ಈ ನಡುವೆ ಎದುರು ಪಕ್ಷದ, ಅಂದರೆ ಮಗಳ ತಾಯಿಯ, ಸೊಲಿಸಿಟರ್ (ವಕೀಲರು) ಒಂದು ಪತ್ರ ಬರೆದರು: ಅರ್ಜಿ ಹಿಂತೆಗೆದುಕೊಳ್ಳಿ, ಭೇಟಿಗಳನ್ನು ನೀವಿಬ್ಬರೇ ಮಾತಾಡಿಕೊಂಡು ಮುಂದುವರಿಸಬಹುದು. ಕೈಯಲ್ಲಿ ಹಣ ಕರಗಿತ್ತು. ಮಕ್ಕಳ ಹಿತದ ಬಗ್ಗೆ ಫ್ಯಾಮಿಲಿ ಕೋರ್ಟಿಗೆ ಸಲಹೆ ಕೊಡುವ ಸಂಸ್ಥೆಯಾದ ಕ್ಯಾಫ್‌ಕ್ಯಾಸ್‌ನ ಅಧಿಕಾರಿ ಮತ್ತೆ ಮಾತಾಡಿಸುತ್ತಾರೆಂದರೆ ಮಗಳಿಗೆ ಹೊಟ್ಟೆನೋವು ಬರುತ್ತಿತ್ತು. ‘ದೊಡ್ಡವಳಾದ ಮೇಲೆ ತಾನೇ ಹುಡುಕಿಕೊಂಡು ಬರ್ತಾಳೆ, ಬಿಡು’ ಎಂದು ಮೈಸೂರಿನಿಂದ ಅಣ್ಣನೂ ಹೇಳಿದ. ಆದರೆ ಮಗುವಿನ ಹಿತಕ್ಕೆ ಸಂಬಂಧಿಸಿದ ಇಂಥ ಅರ್ಜಿಯನ್ನು ಕೋರ್ಟಿನ ಅನುಮತಿಯಿಲ್ಲದೆ ಹಿಂತೆಗೆದುಕೊಳ್ಳಲು ಬರುವುದಿಲ್ಲ ಎಂದು 2010ರ ಫ್ಯಾಮಿಲಿ ಪ್ರೊಸೀಜರ್ ರೂಲ್ಸ್ ಹೇಳುತ್ತದೆ. ಅನುಮತಿ ಪಡೆದು ಹಿಂತೆಗೆದುಕೊಂಡರೂ, ಮುಂದೆ ಭೇಟಿ ನಿಂತುಹೋದರೆ ಸಿ100 ಎಂಬ ನಮೂನೆಯಲ್ಲಿ ಹೊಸ ಅರ್ಜಿ, ಅದರ ಶುಲ್ಕ, ಎಲ್ಲವೂ ಮೊದಲಿಂದ. ಇಬ್ಬರೂ ಒಪ್ಪಿದ್ದನ್ನೇ ಕೋರ್ಟು 1989ರ ಚಿಲ್ಡ್ರನ್ ಆ್ಯಕ್ಟಿನಡಿ ಆದೇಶವಾಗಿಸಿದರೆ ಮಾತ್ರ ಅದನ್ನು ಮುರಿದಾಗ ಜಾರಿಗಾಗಿ ಕೇಳಬಹುದು. ಕೇಂದ್ರದ ಸಂಯೋಜಕಿ ಸಲಹೆ ಕೊಡಲು ಒಪ್ಪಲಿಲ್ಲ, ಅದು ಸರಿಯೇ. ಮಗಳ ತಾಯಿ ಕರೆತರುವುದನ್ನು ನಿಲ್ಲಿಸಿದರೆ ನಾವು ಒತ್ತಾಯಿಸಲಾರೆವು ಎಂದಷ್ಟೇ ತಿಳಿಸಿದರು. ನನಗೆ ಅಷ್ಟೇ ಬೇಕಿತ್ತು. ಹಿಂತೆಗೆದುಕೊಳ್ಳುವುದಿಲ್ಲ, ಒಪ್ಪಿಗೆಯ ಆದೇಶಕ್ಕೆ ಸಿದ್ಧನಿದ್ದೇನೆ ಎಂದು ಉತ್ತರ ಬರೆದಿದ್ದೇನೆ.

ಐದರಲ್ಲಿ ನಾಲ್ಕು ಅಂಕ. ಹೋಗುವವರು ತಿಂಡಿಯನ್ನೂ ಮಗುವಿನ ವಯಸ್ಸಿಗೆ ತಕ್ಕ ಆಟವೊಂದನ್ನೂ ಮನೆಯಿಂದಲೇ ಒಯ್ಯುವುದು ಒಳ್ಳೆಯದು. ಕವಡೆ ಐದಾರು ಹೆಚ್ಚೇ ಇರಲಿ. ಹಳೆಯ ರೇಡಿಯೇಟರಿನ ಹಿಂದೆ ಬಿದ್ದದ್ದು ಸಿಗುವುದಿಲ್ಲ.