ಹಣ್ಣಿನ ಪರಿಮಳದ ಕಾಫಿಯನ್ನು ಉಡುಗೊರೆ ಕೊಡುವ ಮುನ್ನ ಬೀಜದ ನಡುಗೆರೆ ನೋಡಿ

ಕಾಫಿಪ್ರಿಯರಿಗೆ ಉಡುಗೊರೆ ಕೊಡಲೆಂದು ‘ನ್ಯಾಚುರಲ್ ಪ್ರೊಸೆಸ್’ ಹೆಸರಿನ, ಹಣ್ಣಿನ ಸ್ವಾದದ ಕಾಫಿಯನ್ನು ಆನ್‌ಲೈನಿನಲ್ಲಿ ತರಿಸುವವರು ಈಚೆಗೆ ನಮ್ಮ ಬಳ್ಳಾರಿಯಲ್ಲೂ ಕಾಣಸಿಗುತ್ತಾರೆ. ಅಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನನ್ನ ಸೋದರಮಾವನವರು ನಿವೃತ್ತರಾದಾಗ ನಾನು ತರಿಸಿಕೊಟ್ಟ ಕಾಲು ಕಿಲೋ ಪೊಟ್ಟಣದಲ್ಲಿ ಇದ್ದದ್ದು, ಎಲ್ಲ ಲಕ್ಷಣಗಳಿಂದಲೂ ತೋರುವ ಹಾಗೆ, ಸಾಧಾರಣ ಕಾಫಿ ಬೀಜಕ್ಕೆ ಎಸೆನ್ಸ್ ಸವರಿದ ಸರಕು. ಅದಕ್ಕೆ ತೆತ್ತ ಹಣಕ್ಕೆ ಮಾವನವರು ದಿನವೂ ಕುಡಿಯುವ ಚಿಕೋರಿ ಬೆರೆತ ಪುಡಿ ಒಂದು ಕಿಲೋಗೂ ಮೀರಿ ಬರುತ್ತಿತ್ತು.

ಅಸಲು ಸರಕು ಹೇಗಿರುತ್ತದೆ ಎಂಬುದನ್ನು ಮೊದಲು ಹೇಳಬೇಕು. ಕಾಫಿ ಹಣ್ಣಿನ ಸಿಪ್ಪೆ ತೆಗೆದು, ಬೀಜಕ್ಕಂಟಿದ ಲೋಳೆಯನ್ನು ತೊಳೆದು ಒಣಗಿಸುವುದು ಒಂದು ಕ್ರಮ. ಹಣ್ಣನ್ನು ಸಿಪ್ಪೆಸಮೇತ ಇಡಿಯಾಗಿ ಬಿಸಿಲಿನಲ್ಲಿ ಒಣಗಿಸುವುದು ಇನ್ನೊಂದು. ಈ ಎರಡನೆಯದೇ ನ್ಯಾಚುರಲ್. ನಮ್ಮ ಮಲೆನಾಡಿನ ಬೆಳೆಗಾರರು ಬಹಳ ಕಾಲದಿಂದ ‘ಚೆರ್ರಿ’ ಎಂದು ಕರೆದು ಅಗ್ಗಕ್ಕೆ ಮಾರುತ್ತಿದ್ದದ್ದೂ ಇದನ್ನೇ. ವ್ಯತ್ಯಾಸವಿಷ್ಟೆ: ಈಗಿನ ದುಬಾರಿ ನ್ಯಾಚುರಲ್‌ಗೆ ಚೆನ್ನಾಗಿ ಕಳಿತ ಹಣ್ಣುಗಳನ್ನು ಮಾತ್ರ ಆರಿಸಿ, ಕಣದ ನೆಲಕ್ಕೆ ತಾಗದಂತೆ ಎತ್ತರದ ಜಾಲರಿಗಳ ಮೇಲೆ ತೆಳುವಾಗಿ ಹರಡಿ, ತೇವಾಂಶ ಸುಮಾರು 11–12 ಶೇಕಡಾಕ್ಕೆ ಇಳಿಯುವವರೆಗೆ ವಾರಗಟ್ಟಲೆ ದಿನಕ್ಕೆ ಹಲವು ಬಾರಿ ತಿರುವಿಹಾಕುತ್ತಾರೆ. ಆ ಅವಧಿಯಲ್ಲಿ ಹಣ್ಣಿನ ಸಕ್ಕರೆ ನಿಧಾನವಾಗಿ ಹುದುಗುವುದರಿಂದಲೇ ದ್ರಾಕ್ಷಿ, ಹಲಸು, ಬೆರ್ರಿ ಹಣ್ಣುಗಳನ್ನು ನೆನಪಿಸುವ ವಾಸನೆ ಬೀಜಕ್ಕೆ ಬರುತ್ತದೆ. ತಿರುವಿಹಾಕುವುದು ತಪ್ಪಿದರೆ ಬೂಷ್ಟು ಹಿಡಿದು ಇಡೀ ರಾಶಿ ಕೆಡುತ್ತದೆ. ಬೆಲೆ ಏರುವುದು ಈ ದುಡಿಮೆಯಿಂದ, ಅದಕ್ಕೆ ನನ್ನ ಆಕ್ಷೇಪವಿಲ್ಲ.

ನಮ್ಮ ಪೊಟ್ಟಣದ ಮೇಲೆ ಸ್ಟ್ರಾಬೆರಿಯ ಚಿತ್ರವಿತ್ತು, ಪದಾರ್ಥಗಳ ಸಾಲಿನಲ್ಲಿ ‘ನೂರಕ್ಕೆ ನೂರು ಅರೇಬಿಕಾ’ ಎಂದು ಕಾಫಿಯ ಜಾತಿಯ ಹೆಸರಷ್ಟೇ ಇತ್ತು. ಕತ್ತರಿಸಿದೊಡನೆ ನಡುಮನೆಯಿಡೀ ಹರಡಿದ ವಾಸನೆ ಹಣ್ಣಿನದಲ್ಲ, ಬೇಕರಿಯ ಗುಲಾಬಿ ಬಣ್ಣದ ಕೇಕಿನದು. ಮಾವನವರು ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, “ಏನಪ್ಪಾ, ಕಾಫಿ ತಂದಿಯೋ, ಶರಬತ್ತು ತಂದಿಯೋ?” ಎಂದರು. ಡಿಕಾಕ್ಷನ್ ಆರಿದ ಮೇಲೂ ಅದೇ ಒಂದೇ ವಾಸನೆ. ಅದರಡಿಯಲ್ಲಿ ಕಾಫಿಯ ರುಚಿಯೇ ಇರಲಿಲ್ಲ. ಬೀಜವನ್ನು ಮಿಕ್ಸಿಯ ಸಣ್ಣ ಜಾರಿನಲ್ಲಿ ಪುಡಿ ಮಾಡಿದ್ದರಿಂದ ಮರುದಿನ ಅತ್ತೆಯವರು ಅದರಲ್ಲೇ ರುಬ್ಬಿದ ಶೇಂಗಾ ಚಟ್ನಿಯೂ ಸ್ಟ್ರಾಬೆರಿ ನಾರಿತು. ಹಿತ್ತಾಳೆ ಫಿಲ್ಟರಿನ ತೂತುಗಳಲ್ಲಿ ಸೇರಿಕೊಂಡ ವಾಸನೆಯನ್ನು ತೆಗೆಯಲು ಅವರು ಹುಣಸೆಹುಳಿ ಹಚ್ಚಿ ತಿಕ್ಕಿ, ನೀರಿನಲ್ಲಿ ಕುದಿಸಿ, ಕೊನೆಗೆ ಹೊಸ ಫಿಲ್ಟರನ್ನೇ ಕೊಂಡರು. ಉಡುಗೊರೆ ಕೊಟ್ಟವನ ಲೆಕ್ಕಕ್ಕೆ ಅದೂ ಸೇರಬೇಕಷ್ಟೆ.

ಉಳಿದ ಬೀಜದಲ್ಲಿ ಒಂದು ಹಿಡಿಯನ್ನು ಮೂಡಿಗೆರೆ ಕಡೆಯ ತೋಟಗಾರ ಮಿತ್ರರೊಬ್ಬರಿಗೆ ಕಳಿಸಿದೆ. ಅವರು ಕುಡಿದು ನೋಡುವ ಗೋಜಿಗೇ ಹೋಗದೆ, ಬೀಜವನ್ನು ಮಗುಚಿ ಅದರ ನಡುವಿನ ಗೆರೆಯನ್ನು ನೋಡಿದರು. ಎಳೆಯದಾಗಿ ಹುರಿದ ಬೀಜದಲ್ಲಿ, ತೊಳೆದು ಒಣಗಿಸಿದ್ದಾದರೆ ಆ ಗೆರೆಯೊಳಗಿನ ತೆಳುಪೊರೆ ಬಿಳಿಚಿಕೊಂಡಿರುತ್ತದೆ. ಹಣ್ಣಿನೊಳಗೇ ಒಣಗಿದ್ದಾದರೆ ಅದು ಕಂದುಬಣ್ಣಕ್ಕೆ ತಿರುಗಿರುತ್ತದೆ. ನಮ್ಮ ಬೀಜಗಳ ಗೆರೆ ದಾರದಷ್ಟು ಬೆಳ್ಳಗಿತ್ತು. ಇನ್ನೊಂದು ಲಕ್ಷಣವನ್ನೂ ಅವರೇ ತೋರಿಸಿದರು: ಎಣ್ಣೆ ಮೇಲಕ್ಕೆ ಬರುವುದು ಕಪ್ಪಗೆ ಹುರಿದಾಗ ಅಥವಾ ಹುರಿದು ಬಹಳ ದಿನ ಕಳೆದಾಗ, ಎಳೆಯ ಬಣ್ಣದ ಬೀಜದ ಮೈ ಒಣಗಿರಬೇಕು. ನಮ್ಮದು ಬೆರಳಿಗೆ ಅಂಟುತ್ತಿತ್ತು. ಕಪ್ಪಗೆ ಹುರಿದ ಬೀಜದಲ್ಲಿ ಗೆರೆಯೂ ಕಪ್ಪಾಗುವುದರಿಂದ ಅಲ್ಲಿ ಈ ಪರೀಕ್ಷೆ ನಡೆಯದು ಎಂದೂ ಎಚ್ಚರಿಸಿದರು.

ಸ್ವಾದ ಸೇರಿಸುವುದೇ ಅಪರಾಧವೆಂದು ನಾನು ಹೇಳುತ್ತಿಲ್ಲ. ಹುದುಗಿಸುವಾಗಲೇ ಬೇರೆ ಹಣ್ಣುಗಳನ್ನು ಕೂಡಿಸುವ ಪದ್ಧತಿ ಕೊಲಂಬಿಯಾದಂಥ ದೇಶಗಳಲ್ಲಿ ಬಳಕೆಗೆ ಬಂದಿದೆ. ಅದನ್ನು ಹೇಳಿ ಮಾರಿದರೆ ಕೊಳ್ಳುವವರು ಕೊಳ್ಳಲಿ. ಆದರೆ ಸೇರಿಸಿದ ಸ್ವಾದವನ್ನು ಲೇಬಲ್ಲಿನಲ್ಲಿ ನಮೂದಿಸಲೇಬೇಕೆಂಬುದು ನಮ್ಮಲ್ಲಿ ಆಹಾರ ಸುರಕ್ಷತಾ ನಿಯಮ. ಮಾರಾಟಗಾರರು ಮೊದಲಿಗೆ ‘ಇದು ಆ ಸಂಸ್ಕರಣೆಯ ಸಹಜ ಗುಣ, ಒಡೆದ ಪೊಟ್ಟಣವನ್ನು ಹಿಂಪಡೆಯುವುದಿಲ್ಲ’ ಎಂದು ಎರಡು ಸಾಲಿನ ಉತ್ತರ ಕೊಟ್ಟು ಸುಮ್ಮನಾದರು. ಬೀಜದ ನಡುಗೆರೆಯ ಚಿತ್ರ, ಪೊಟ್ಟಣದ ಹಿಂಬದಿಯ ಚಿತ್ರ ಮತ್ತು ಬಿಲ್ಲನ್ನು ಲಗತ್ತಿಸಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ (ಸಂಖ್ಯೆ 1915) ದೂರು ದಾಖಲಿಸಿದ ಮೇಲೆ ಹಣ ಮರಳಿತು, ವಿವರಣೆ ಮಾತ್ರ ಬರಲಿಲ್ಲ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ದೂರು ತಲುಪಿದ 48 ಗಂಟೆಗಳೊಳಗೆ ಮಾರಾಟಗಾರರಿಂದ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಸಿಗಬೇಕೆಂಬುದನ್ನು ಅವರಿಗೆ ಕಳಿಸುವ ದೂರಿನ ಪತ್ರದಲ್ಲೇ ಬರೆಯುವುದು ಒಳ್ಳೆಯದು, ಪೊಟ್ಟಣವನ್ನಂತೂ ಎಸೆಯಬೇಡಿ.

ಕೊಳ್ಳುವ ಮುನ್ನ ಕೇಳಬೇಕಾದದ್ದು ಹೆಚ್ಚೇನಿಲ್ಲ. ಯಾವ ತೋಟದ್ದು, ಯಾವ ತಳಿ, ಯಾವ ತಾರೀಖಿಗೆ ಹುರಿದದ್ದು, ಹೊರಗಿನಿಂದ ಸ್ವಾದ ಸೇರಿಸಲಾಗಿದೆಯೇ ಎಂಬುದನ್ನು ಬರಹದಲ್ಲೇ ಕೇಳಿ. ತೋಟದ ಹೆಸರು ಹೇಳಲಾಗದವರು ಹಣ್ಣಿನ ಹೆಸರುಗಳನ್ನು ಮಾತ್ರ ಸಾಲುಸಾಲಾಗಿ ಹೇಳುತ್ತಿದ್ದರೆ ಅಲ್ಲಿಗೇ ಬಿಡಿ. ‘ಚಿಕ್ಕಮಗಳೂರು ಅರೇಬಿಕಾ’, ‘ಬಾಬಾಬುಡನ್‌ಗಿರಿ ಅರೇಬಿಕಾ’ಗಳಿಗೆ 2019ರಲ್ಲಿ ದೊರೆತ ಭೌಗೋಳಿಕ ಗುರುತು ಊರನ್ನು ಹೇಳುತ್ತದೆಯೇ ಹೊರತು ಒಣಗಿಸಿದ ಬಗೆಯನ್ನಲ್ಲ. ಹುರಿದ ತಾರೀಖನ್ನು ಕೇಳಲು ಇನ್ನೊಂದು ಕಾರಣ ನಮ್ಮೂರಿನ ಬಿಸಿಲು: ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯಲ್ಲಿ ಕೊರಿಯರ್ ಗೋದಾಮಿನಲ್ಲಿ ದಿನಗಟ್ಟಲೆ ಬಿದ್ದ ಪೊಟ್ಟಣದ ಪರಿಮಳ, ಅಸಲೇ ಆಗಿದ್ದರೂ, ಬೇಗ ಹಾರಿಹೋಗುತ್ತದೆ.

ಪಡೆಯುವವರು ಹೇಗೆ ಕುಡಿಯುತ್ತಾರೆಂಬುದನ್ನೂ ನೋಡಬೇಕು. ಗಟ್ಟಿ ಹಾಲು, ಸಕ್ಕರೆ, ಚಿಕೋರಿಗೆ ನಾಲಗೆ ಒಗ್ಗಿಸಿಕೊಂಡವರಿಗೆ ಎಳೆಯದಾಗಿ ಹುರಿದ ಒಳ್ಳೆಯ ನ್ಯಾಚುರಲ್ ಕೂಡ ಹಾಲಿನಲ್ಲಿ ಹುಳಿಯೆನಿಸುತ್ತದೆ. ಇಂಥವರಿಗೆ ಕೊಡುವುದೇ ಆದರೆ ಮಧ್ಯಮ ಹದಕ್ಕೆ ಹುರಿದು, ಫಿಲ್ಟರಿಗೆ ಹೊಂದುವಂತೆ ಪುಡಿ ಮಾಡಿಸಿದ 100 ಗ್ರಾಂ ಸಾಕು. ನಾನು ತರಿಸಿದ ಪೊಟ್ಟಣ ಈ ದಿನವೂ ಅದೇ ಸ್ಟ್ರಾಬೆರಿ ಚಿತ್ರದೊಂದಿಗೆ, ಈಗ ‘ಉಡುಗೊರೆ ಪೆಟ್ಟಿಗೆ’ ಎಂಬ ಹೆಸರಿನಲ್ಲಿ ಹಿಂದಿಗಿಂತ ಹೆಚ್ಚಿನ ಬೆಲೆಗೆ ಮಾರಾಟದಲ್ಲಿದೆ. ಪದಾರ್ಥಗಳ ಸಾಲು ಬದಲಾಗಿಲ್ಲ.