ಹಿಂದಿನ ಸೀಟು ಬಿಚ್ಚಿ ಹಲಗೆ ಕೂರಿಸಿದ ಸಣ್ಣ ಕಾರು: ಎರಡು ಮಳೆಗಾಲದ ನಂತರ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟದ ಮನೆಗಳಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಜನ ಕೂರುವುದಕ್ಕಿಂತ ಗೊಬ್ಬರದ ಚೀಲ, ಅಡಿಕೆ ಗೋಣಿ ಕೂರುವುದೇ ಜಾಸ್ತಿ. ಸೀಟು ಬಿಚ್ಚಿ ಸಮತಟ್ಟಾದ ಹಲಗೆ ಹಾಕಲು ಸುಮಾರು 4000 ರೂಪಾಯಿ ತಗಲಿತು. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಕಾರಿನ ತಗಡಿಗೆ ಹೊಸದಾಗಿ ಒಂದು ತೂತೂ ಬೀಳಬಾರದು. ಹಿಂದಿನ ಸೀಟಿನ ಕೆಳಗೇ ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪು ಇರುತ್ತವೆ. ಒಂದು ಉದ್ದ ಸ್ಕ್ರೂ ಸಾಕು ಅನಾಹುತಕ್ಕೆ.

ಬಿಚ್ಚುವುದು ಸುಲಭ. ಹೆಚ್ಚಿನ ಸಣ್ಣ ಕಾರುಗಳಿಗೆ 12, 14 ನಂಬರ್ ಸಾಕೆಟ್, ಸೀಟ್ ಬೆಲ್ಟಿನ ಬೋಲ್ಟಿಗೆ 17. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಬಿಚ್ಚಿದ ಬೋಲ್ಟನ್ನು ಅದರದ್ದೇ ತೂತಿಗೆ ವಾಪಸ್ ಹಾಕಿ. ತೂತು ತೆರೆದಿದ್ದರೆ ಕೆಳಗಿನಿಂದ ನೀರಷ್ಟೇ ಅಲ್ಲ, ಸೈಲೆನ್ಸರಿನ ಹೊಗೆಯೂ ಒಳಗೆ ಬರುತ್ತದೆ.

ಹಲಗೆಯ ಕೆಳಗೆ 1 ಇಂಚಿನ ಚೌಕ ಪೈಪಿನ ಫ್ರೇಮ್ ಬೇಕು. ಕಾಲಿಡುವ ಗುಂಡಿಯ ಮೇಲೆ ಬರಿ ಹಲಗೆ ನಿಲ್ಲುವುದಿಲ್ಲ. ಫ್ರೇಮನ್ನು ಸೀಟಿನ ಹಳೇ ಬೋಲ್ಟುಗಳಿಗೇ ಬಿಗಿದು, ನಡುವೆ ರಬ್ಬರ್ ವಾಶರ್ ಕೊಡಿ, ಇಲ್ಲವಾದರೆ ಚೆರ್ಕಳ–ಜಾಲ್ಸೂರು ರಸ್ತೆಯ ಪ್ರತಿ ತಿರುವಿನಲ್ಲೂ ಕಟಕಟ. ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಸುತ್ತ 10 ಮಿ.ಮೀ ಜಾಗ ಬಿಟ್ಟು ಪ್ಲೈವುಡ್ ಕೊಯ್ಯಿಸಿ. ಎರಡು ತುಂಡು ಮಾಡಿ ಹಿಂಜ್ ಹಾಕಿದರೆ ಕೆಳಗಿನ ಗುಂಡಿ ಸಾಮಾನಿಡಲು ಸಿಗುತ್ತದೆ. ಫ್ರೇಮ್ ಇದ್ದರೆ 9 ಮಿ.ಮೀ ಧಾರಾಳ. 12 ಮಿ.ಮೀ ಪ್ಲೈ 8×4 ಅಡಿಯ ಹಾಳೆಗೆ ಹತ್ತಿರ ಹತ್ತಿರ 24 ಕಿಲೋ ತೂಗುತ್ತದೆ, ಅರ್ಧ ಹಾಳೆ ಹಾಕಿದರೂ ಸೀಟು ತೆಗೆದು ಉಳಿಸಿದ ಭಾರದಲ್ಲಿ ದೊಡ್ಡ ಪಾಲು ವಾಪಸ್ ಬಂತು. ಭಾರ ಇಳಿಸುವುದೇ ಉದ್ದೇಶವಾದರೆ ಹಲಗೆಯೇ ಬೇಡ, ಕಾರ್ಪೆಟ್ ಸಾಕು.

ಮೊದಲ ಮಳೆಗಾಲದಲ್ಲಿ ಕೆಟ್ಟದ್ದು ಹಲಗೆಯ ಅಂಚು. ವರ್ಷಕ್ಕೆ 3000 ಮಿ.ಮೀ ಮೀರಿ ಮಳೆ ಸುರಿಯುವ ಕಾಸರಗೋಡಿನಲ್ಲಿ ಮೇಲ್ಮೈಗೆ ವಾರ್ನಿಷ್ ಬಳಿದು ಕೊಯ್ದ ಅಂಚನ್ನು ಹಾಗೇ ಬಿಟ್ಟರೆ ಆಗಸ್ಟ್ ಹೊತ್ತಿಗೆ ಪದರ ಬಿಟ್ಟು, ಬೆರಳಾಡಿಸಿದರೆ ನೆನೆದ ಹಪ್ಪಳದ ಹಾಗೆ ಏಳುತ್ತದೆ. ಐಎಸ್ 710 ಗುರುತಿನ ಮೆರೈನ್ ಪ್ಲೈಯನ್ನೇ ತನ್ನಿ, ಅಂಚಿಗೆ ಮೂರು ಕೋಟ್ ವಾರ್ನಿಷ್ ಕೊಡಿ. ಕಾರ್ಪೆಟ್ಟಿಗೆ ಮರಗೆಲಸದ ಬಿಳಿ ಅಂಟು ಬೇಡ, ತೇವಕ್ಕೆ ಬಿಡುತ್ತದೆ. ಹಳದಿ ರಬ್ಬರ್ ಅಂಟನ್ನು ಎರಡೂ ಕಡೆ ಹಚ್ಚಿ, ಕೈಗೆ ಹತ್ತದಷ್ಟು ಒಣಗಿದ ಮೇಲೆ ಒತ್ತಿ.

ಸದ್ದು ಖಂಡಿತ ಹೆಚ್ಚಾಗುತ್ತದೆ. ಇಷ್ಟು ದಿನ ಟಯರಿನ ಸದ್ದನ್ನು ನುಂಗುತ್ತಿದ್ದದ್ದು ಸೀಟಿನ ಫೋಮು. ಚಕ್ರದ ಕಮಾನಿಗೆ 2 ಮಿ.ಮೀ ಬಿಟುಮೆನ್ ಹಾಳೆ ಅಂಟಿಸಿದರೆ ಸ್ವಲ್ಪ ತಗ್ಗುತ್ತದೆ, ಪೂರ್ತಿ ಅಲ್ಲ.

ಬಹಳ ಮಂದಿ ಮರೆಯುವುದು ಕಟ್ಟುವ ಕೊಕ್ಕೆಯನ್ನು. ಒರಗು ಇಲ್ಲದ ಕಾರಿನಲ್ಲಿ ಬ್ರೇಕ್ ಒತ್ತಿದರೆ 65 ಕಿಲೋ ಗೋಣಿ ನೇರ ಚಾಲಕರ ಬೆನ್ನಿಗೆ. ಸೀಟ್ ಬೆಲ್ಟಿನ ಬೋಲ್ಟಿನ ಜಾಗದಲ್ಲಿ ಐ-ಬೋಲ್ಟ್ (ತಲೆಯಲ್ಲಿ ಬಳೆ ಇರುವ ಬೋಲ್ಟ್) ಹಾಕಿ ರಾಚೆಟ್ ಬೆಲ್ಟಿನಿಂದ ಬಿಗಿಯಿರಿ. ಅಲ್ಲಿನ ಮರೆ (ಥ್ರೆಡ್) ಸಾಮಾನ್ಯವಾಗಿ 7/16 ಇಂಚಿನ ಬೋಲ್ಟಿನದ್ದು, ಇಂಚಿಗೆ 20 ಎಳೆ. ಅಂಗಡಿಯ ಎಂ10, ಎಂ12 (10, 12 ಮಿ.ಮೀ) ಬೋಲ್ಟ್ ತುರುಕಿದರೆ ಮರೆ ಹಾಳಾಗಿ ಮುಂದೆ ಸೀಟ್ ಬೆಲ್ಟೇ ನಿಲ್ಲದು.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿ ಇರುವುದಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಜೈಲಿಗೂ ಅವಕಾಶ ಉಂಟು. ಆರ್‌ಸಿಯಲ್ಲಿ ಸೀಟುಗಳ ಸಂಖ್ಯೆ ಬರೆದಿರುತ್ತದೆ. ಹಾಗಾಗಿ ರಸ್ತೆಗಿಳಿಸುವ ಮೊದಲು ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ವಿಚಾರಿಸಿ. ಬಿಚ್ಚಿದ ಸೀಟನ್ನು ಮಾರಬೇಡಿ. ನೆಲಕ್ಕೆ ತಾಗದಂತೆ ಅಟ್ಟದಲ್ಲಿ ತೂಗುಹಾಕಿ, ದಪ್ಪ ಪ್ಲಾಸ್ಟಿಕ್ ಸುತ್ತಿ; ಇಲಿಗೆ ಆ ಫೋಮು ಬಹಳ ಇಷ್ಟ.