ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ: ಬಳಸಿ ನೋಡಿ ಬರೆದದ್ದು

ಐದಕ್ಕೆ ಮೂರೂವರೆ ಅಂಕ. ಕಾಗದ ಹೊರಗೆ ತರಿಸುವ ಕೆಲಸವನ್ನು ಈ ಸೇವೆ ಚೆನ್ನಾಗಿಯೇ ಮಾಡುತ್ತದೆ. ತಪ್ಪು ಮಾಡಿದವರು ಉತ್ತರ ಕೊಡಬೇಕಾದ ಹಂತಕ್ಕೆ ಬಂದಾಗ ಸೊರಗುತ್ತದೆ. ಆ ಒಂದೂವರೆ ಅಂಕ ಹೋದದ್ದು ಅಲ್ಲಿ. ಆದರೂ ನಿಮ್ಮ ಊರಿನ ರಸ್ತೆ, ಗಟಾರ, ಶಾಲೆ ಕೋಣೆ, ನೀರಿನ ಟ್ಯಾಂಕ್ ನೋಡಿ ಹೊಟ್ಟೆ ಉರಿದರೆ ಕಟ್ಟೆ ಮೇಲೆ ಕೂತು ಸುಮ್ನೆ ಬೈಯಬೇಡಿ, ಈ ಹತ್ತು ರೂಪಾಯಿ ಖರ್ಚು ಮಾಡಿ.

ನಾನು ಇರುವುದು ವಿಜಯಪುರದಲ್ಲಿ, ಹುಟ್ಟಿದ ಮನೆ ಇದೇ ಜಿಲ್ಲೆಯ ಒಂದು ಹಳ್ಳಿಯಲ್ಲಿದೆ. ನಮ್ಮ ಓಣಿಯಲ್ಲಿ ಸಿಸಿ ಗಟಾರ ಆಯಿತು ಎಂದು ಪಂಚಾಯಿತಿ ಬೋರ್ಡ್ ಹಾಕಿತ್ತು. ಗಟಾರ ಅರ್ಧಕ್ಕೇ ನಿಂತಿತ್ತು. ಮಳೆ ಬಂದರೆ ಹೊಲಸು ನೀರೆಲ್ಲ ಕೊನೆಯ ನಾಲ್ಕು ಮನೆಗಳ ಅಂಗಳಕ್ಕೆ ನುಗ್ಗುತ್ತಿತ್ತು. ಕೇಳಿದರೆ "ಅನುದಾನ ಮುಗಿದೈತ್ರೀ" ಎನ್ನುವ ಉತ್ತರ. ಅನುದಾನ ಎಷ್ಟು ಬಂತು, ಎಷ್ಟು ಖರ್ಚಾಯಿತು, ಯಾರು ಅಳತೆ ಮಾಡಿ ಬಿಲ್ ಪಾಸ್ ಮಾಡಿದರು? ಇದಕ್ಕೆ ಬಾಯಿಮಾತಿನ ಉತ್ತರ ನನಗೆ ಬೇಕಾಗಿರಲಿಲ್ಲ. ಅದಕ್ಕೇ 2005ರ ಮಾಹಿತಿ ಹಕ್ಕು ಕಾಯ್ದೆಯ ಅರ್ಜಿ ಹಾಕಿದೆ.

ಅರ್ಜಿ ಹಾಕುವುದು ನಿಜಕ್ಕೂ ಸುಲಭ. ಗ್ರಾಮ ಪಂಚಾಯಿತಿಯಲ್ಲಿ ಮಾಹಿತಿ ಅಧಿಕಾರಿ ಎಂದರೆ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಅವರ ಹುದ್ದೆಯ ಹೆಸರಿಗೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ತೆಗೆಸಿ, ಅರ್ಜಿ ಜೊತೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದರೆ ಆಯಿತು. ಬಿಪಿಎಲ್ ಕಾರ್ಡ್ ಇದ್ದವರಿಗೆ ಆ ಹತ್ತು ರೂಪಾಯಿಯೂ ಇಲ್ಲ. ಕಚೇರಿಗೇ ಹೋಗಿ ಕೊಟ್ಟರೆ ಸ್ವೀಕೃತಿ ಬರೆಸಿಕೊಳ್ಳದೆ ಬರಬೇಡಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಕಿರಿಕಿರಿ ಇದೆ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, ಅದೂ 150 ಪದಗಳ ಒಳಗೆ. ಕಡಿಮೆ ಓದಿದವರಿಗೆ ಇದು ತೊಂದರೆಯೇ. ಬರೆದುಕೊಡುವವರ ಹತ್ತಿರ ಹೋದರೆ ಅವರು ಎರಡು ಪುಟ ತುಂಬಿಸಿ ಕೊಡುತ್ತಾರೆ, ಆಮೇಲೆ ಅದೇ ಕಾರಣಕ್ಕೆ ಅರ್ಜಿ ವಾಪಸ್ ಬರುತ್ತದೆ.

ಇಡೀ ಸೇವೆ ಕೆಲಸ ಮಾಡುತ್ತದೋ ಇಲ್ಲವೋ ಅನ್ನುವುದು ನೀವು ಏನು ಕೇಳುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಊರಲ್ಲಿ ಬೇರೆಯವರು ಹಾಕಿದ ಅರ್ಜಿಗಳನ್ನು ನೋಡಿದ್ದೇನೆ. "ನಮ್ಮ ಊರಿಗೆ ಯಾಕೆ ಅನ್ಯಾಯ ಮಾಡಿದ್ದೀರಿ", "ಎಷ್ಟು ಹಣ ತಿಂದಿದ್ದೀರಿ ತಿಳಿಸಿ" ಎಂದೆಲ್ಲ ಬರೆದಿರುತ್ತಾರೆ. ಸಿಟ್ಟು ನ್ಯಾಯವಾದದ್ದೇ. ಆದರೆ ಕಾಯ್ದೆ ಕೊಡಿಸುವುದು ಕಚೇರಿಯಲ್ಲಿ ದಾಖಲೆಯಾಗಿ ಇರುವ ಮಾಹಿತಿಯನ್ನು ಮಾತ್ರ. ಯಾಕೆ ಎಂದು ಕೇಳಿದರೆ "ಇದು ಮಾಹಿತಿ ವ್ಯಾಪ್ತಿಗೆ ಬರುವುದಿಲ್ಲ" ಎಂದು ಒಂದು ಸಾಲು ಬರೆದು ಕೈ ತೊಳೆದುಕೊಳ್ಳುತ್ತಾರೆ. ಕಾಗದದ ಹೆಸರು ಹಿಡಿದು ಕೇಳಬೇಕು: ಕ್ರಿಯಾ ಯೋಜನೆ, ಅಂದಾಜು ಪತ್ರಿಕೆ, ಕಾರ್ಯಾದೇಶ (ಕೆಲಸ ಮಾಡಲು ಗುತ್ತಿಗೆದಾರರಿಗೆ ಕೊಡುವ ಆದೇಶ), ಎಂ.ಬಿ. ಪುಸ್ತಕದ ಪುಟಗಳು, ಬಿಲ್, ಕಾಮಗಾರಿಯ ಫೋಟೊ. ಅದರಲ್ಲೂ ಎಂ.ಬಿ. ಮರೆಯಲೇಬೇಡಿ. ಅದು ಎಂಜಿನಿಯರ್ ಅಳತೆ ಬರೆದು ಸಹಿ ಹಾಕುವ ಪುಸ್ತಕ. ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ದಪ್ಪ ಎಂದು ಅಲ್ಲಿ ಬರೆದ ಮೇಲೆಯೇ ದುಡ್ಡು ಹೊರಗೆ ಬರುವುದು. ಸುಳ್ಳು ಇದ್ದರೆ ಯಾರ ಸಹಿಯ ಕೆಳಗೆ ಇದೆ ಅಂತಲೂ ಅಲ್ಲೇ ಗೊತ್ತಾಗುತ್ತದೆ.

ಕಾರ್ಯಾದೇಶವೂ ಸಣ್ಣ ಕಾಗದ ಅಲ್ಲ. 2022ರ ಏಪ್ರಿಲ್‌ನಲ್ಲಿ ಬೆಳಗಾವಿಯ ಒಬ್ಬ ಗುತ್ತಿಗೆದಾರರು ಉಡುಪಿಯ ಲಾಡ್ಜ್‌ನಲ್ಲಿ ಸತ್ತದ್ದು ಎಲ್ಲರಿಗೂ ನೆನಪಿರಬೇಕು. ಬೆಳಗಾವಿ ಹತ್ತಿರದ ಹಿಂಡಲಗಾದಲ್ಲಿ ಮಾಡಿಸಿದ ಕೆಲಸಗಳ ಬಿಲ್‌ಗೆ 40 ಪರ್ಸೆಂಟ್ ಕಮಿಷನ್ ಕೇಳುತ್ತಿದ್ದಾರೆ ಎಂದು ಅವರು ದೂರಿದ್ದರು. ಆಗ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಕೆ.ಎಸ್. ಈಶ್ವರಪ್ಪ ಆರೋಪ ಅಲ್ಲಗಳೆದರು, ರಾಜೀನಾಮೆಯನ್ನೂ ಕೊಟ್ಟರು. ಆಮೇಲೆ ಪೊಲೀಸರು ಅವರ ವಿರುದ್ಧ ಸಾಕ್ಷ್ಯ ಇಲ್ಲ ಎಂದು ಬಿ ರಿಪೋರ್ಟ್ (ಪ್ರಕರಣ ಮುಗಿಸುವ ವರದಿ) ಹಾಕಿದರು. ಆ ಕೆಲಸಗಳಿಗೆ ಕಾರ್ಯಾದೇಶವೇ ಇರಲಿಲ್ಲ ಎಂದು ಸರ್ಕಾರದ ಕಡೆಯವರು ಹೇಳಿದರು. ಒಂದು ಊರಿನಲ್ಲಿ ಕೋಟಿಗಟ್ಟಲೆ ರೂಪಾಯಿಯ ರಸ್ತೆ, ಗಟಾರ ಆಗುತ್ತಿರುವಾಗ ಕಾರ್ಯಾದೇಶ ಎಲ್ಲಿ ಎಂದು ಊರಿನ ಯಾರಾದರೂ ಕೇಳುವ ಪದ್ಧತಿ ಇದ್ದಿದ್ದರೆ ಎಂದು ಈಗಲೂ ಅನಿಸುತ್ತದೆ.

ನನ್ನ ಅರ್ಜಿಗೆ ಮೊದಲು ಬಂದದ್ದು ಉತ್ತರ ಅಲ್ಲ, ಒಬ್ಬ ಮನುಷ್ಯ. ಪರಿಚಯದವರೇ. "ಕಾಕಾ, ನಿಮಗ ಯಾಕ ಬೇಕ್ರಿ ಈ ಉಸಾಬರಿ, ಏನ್ ಬೇಕ ಹೇಳ್ರಿ, ಮಾತಾಡಿ ಮುಗಿಸೋಣ" ಎಂದರು. ಕಾಯ್ದೆಯ 6(2)ರ ಪ್ರಕಾರ ಯಾಕೆ ಬೇಕು ಎಂದು ಹೇಳುವ ಅಗತ್ಯವೇ ಇಲ್ಲ, ಕಾಗದ ಬೇಕು ಅಷ್ಟೇ ಎಂದೆ. ಅರ್ಜಿ ಕಚೇರಿಗೆ ಹೋಗಿದೆ, ಅದರ ಸುದ್ದಿ ಗುತ್ತಿಗೆದಾರರ ಕಡೆಯವರಿಗೆ ಹೇಗೆ ಮುಟ್ಟಿತು? ಈ ಸೇವೆಯ ಅತಿ ಕೆಟ್ಟ ಭಾಗ ಇದು. ನನಗೆ ಬಂದದ್ದು ನಯವಾದ ಮಾತು. ಎಲ್ಲರಿಗೂ ಹಾಗಾಗುವುದಿಲ್ಲ, ಮಾಹಿತಿ ಕೇಳಿದ್ದಕ್ಕೆ ನಮ್ಮ ರಾಜ್ಯದಲ್ಲೇ ಜೀವ ಕಳೆದುಕೊಂಡವರಿದ್ದಾರೆ. ಒಂಟಿಯಾಗಿ ಹಾಕುವ ಬದಲು ಓಣಿಯ ನಾಲ್ಕು ಜನ ಬೇರೆ ಬೇರೆ ಅರ್ಜಿ ಹಾಕಿದರೆ ಒಬ್ಬರ ಮೇಲೆ ಭಾರ ಬೀಳುವುದಿಲ್ಲ.

ಉತ್ತರ ಕೊಡಲು ಕಾಯ್ದೆ 30 ದಿನ ಕೊಡುತ್ತದೆ. ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆ. ನನಗೆ 30 ದಿನ ದಾಟಿದರೂ ಏನೂ ಬರಲಿಲ್ಲ. ಇಲ್ಲಿ ಒಂದು ಮಾತು ಜಾಸ್ತಿ ಜನರಿಗೆ ಗೊತ್ತಿಲ್ಲ. ಗಡುವು ದಾಟಿದ ಮೇಲೆ ಪುಟಕ್ಕೆ ಎರಡು ರೂಪಾಯಿಯ ನಕಲು ಶುಲ್ಕವನ್ನೂ ಅವರು ಕೇಳುವಂತಿಲ್ಲ, ಮಾಹಿತಿ ಪುಕ್ಕಟೆ ಕೊಡಬೇಕು, 7(6)ರಲ್ಲಿ ಇದೆ. ನಾನು ಗಡುವು ಮುಗಿದ ಕೂಡಲೇ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ ಮೊದಲ ಮೇಲ್ಮನವಿ ಕಳಿಸಿದೆ. ಇದನ್ನೂ 30 ದಿನದ ಒಳಗೆ ಹಾಕಬೇಕು. ಆ ಅಧಿಕಾರಿಗಳ ಬಗ್ಗೆ ಒಳ್ಳೆಯ ಮಾತು ಹೇಳಲೇಬೇಕು. ಪಿಡಿಒ, ನಾನು ಇಬ್ಬರನ್ನೂ ಕರೆಸಿ, ನನಗೆ ಕುರ್ಚಿ ಕೊಟ್ಟು, ಕಡತ ಮೇಜಿನ ಮೇಲೆ ಇಡಿಸಿ ಮಾತಾಡಿದರು. ವಿಚಾರಣೆ ಮುಗಿದ ಕೆಲವೇ ದಿನಗಳಲ್ಲಿ ಕಾಗದ ನನ್ನ ಕೈಯಲ್ಲಿತ್ತು.

ಎಂ.ಬಿ. ಪ್ರಕಾರ ಗಟಾರದ ಉದ್ದ 120 ಮೀಟರ್. ಓಣಿಯ ಹುಡುಗರ ಜೊತೆ ಟೇಪ್ ಹಿಡಿದು ಅಳೆದರೆ 86. ಬಿಲ್ ಆದದ್ದು 120ಕ್ಕೆ. ಆ ಸಂಖ್ಯೆ ನೋಡಿದಾಗ ನನಗೆ ಬಂದ ಸಿಟ್ಟು ಹೇಳತೀರದು, ಯಾಕೆಂದರೆ ಉಳಿದ ಆ 34 ಮೀಟರ್ ಜಾಗದಲ್ಲೇ ಆ ನಾಲ್ಕು ಮನೆಗಳು ಇರುವುದು. ಅಲ್ಲಿನ ಮಕ್ಕಳು ಆ ನೀರಲ್ಲೇ ಆಡುತ್ತಿದ್ದವು. ಅನುದಾನ ಮುಗಿದಿರಲಿಲ್ಲ, ಅದನ್ನು ಯಾರೋ ಮುಗಿಸಿದ್ದರು.

ಕಾಯ್ದೆಯ 2(ಜೆ) ಓದಿ. ಕಾಗದದ ಪ್ರತಿ ಮಾತ್ರ ಅಲ್ಲ, ಕಾಮಗಾರಿಯನ್ನೇ ಸ್ಥಳದಲ್ಲಿ ನೋಡುವ ಹಕ್ಕು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ತೆಗೆದುಕೊಳ್ಳುವ ಹಕ್ಕು ಕೂಡ ನಮಗಿದೆ. ಸಿಮೆಂಟ್ ಕಡಿಮೆ ಹಾಕಿದ್ದಾರೆ ಎಂಬ ಅನುಮಾನ ಇದ್ದರೆ ಗಟಾರದ ತುಂಡನ್ನೇ ಕೇಳಬಹುದು. ಸ್ಥಳ ಪರಿಶೀಲನೆ ಬೇಕು ಎಂದು ನಾನು ಬರೆದ ಮೇಲೆ ಎಂಜಿನಿಯರ್ ಬಂದರು, ಊರವರ ಎದುರು ಅಳೆದರು. ಆಮೇಲೆ ಉಳಿದ ಗಟಾರ ಕಟ್ಟಿದರು. ಹೊಸ ಅನುದಾನದಲ್ಲೋ, ಮೊದಲು ತಿಂದದ್ದನ್ನು ಕಕ್ಕಿಸಿಯೋ ಎಂದು ಕೇಳಿ ಮತ್ತೊಂದು ಅರ್ಜಿ ಹಾಕಿದ್ದೇನೆ. ಸುಳ್ಳು ಅಳತೆಗೆ ಸಹಿ ಹಾಕಿದವರಿಗೆ ಇವತ್ತಿನವರೆಗೆ ಒಂದು ನೋಟಿಸ್ ಕೂಡ ಹೋಗಿಲ್ಲ.

ನಾನು ಅಂಕ ಕಡಿದದ್ದು ಇದಕ್ಕೇ. ಮಾಹಿತಿ ಕೊಡದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು ಎಂದು ಕಾಯ್ದೆಯ 20ನೇ ಸೆಕ್ಷನ್ ಹೇಳುತ್ತದೆ. ಹಾಕುವ ಅಧಿಕಾರ ಇರುವುದು ಮಾಹಿತಿ ಆಯೋಗಕ್ಕೆ ಮಾತ್ರ, ಮೊದಲ ಮೇಲ್ಮನವಿ ಕೇಳುವವರಿಗೆ ಇಲ್ಲ. ಆಯೋಗಕ್ಕೆ 90 ದಿನದ ಒಳಗೆ ಎರಡನೇ ಮೇಲ್ಮನವಿ ಹಾಕಬಹುದು. ಬೆಳಗಾವಿಯಲ್ಲೇ ಆಯೋಗದ ಪೀಠ ಆಗಿರುವುದು ನಮ್ಮ ಭಾಗದವರಿಗೆ ದೊಡ್ಡ ಅನುಕೂಲ. ಆದರೆ ರಾಜ್ಯದಲ್ಲಿ ಸಾವಿರಾರು ಮೇಲ್ಮನವಿಗಳು ಬಾಕಿ ಇವೆ. ಸರದಿ ಬರುವಷ್ಟರಲ್ಲಿ ಅಧಿಕಾರಿ ವರ್ಗ ಆಗಿರುತ್ತಾರೆ, ಗುತ್ತಿಗೆದಾರ ಇನ್ನೊಂದು ಊರಿನ ಕೆಲಸ ಹಿಡಿದಿರುತ್ತಾನೆ. ಆಯೋಗದಲ್ಲಿ ಹುದ್ದೆ ಖಾಲಿ ಆದ ಕೂಡಲೇ ತುಂಬಿ, ದಂಡ ಹಾಕಬೇಕಾದಲ್ಲಿ ಹಾಕಿದರೆ ಅರ್ಧ ರೋಗ ವಾಸಿ ಆಗುತ್ತದೆ.

ಇನ್ನೊಂದು ಭಯ ಇದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆಯ ಮೂಲಕ ಮಾಹಿತಿ ಹಕ್ಕಿನ 8(1)(ಜೆ) ಬದಲಾಯಿಸಿದ್ದಾರೆ. ಮೊದಲು ವೈಯಕ್ತಿಕ ಮಾಹಿತಿ ಎಂದು ನಿರಾಕರಿಸುವಾಗ ಸಾರ್ವಜನಿಕ ಹಿತ ಇದೆಯೇ ಎಂದು ಅಲ್ಲೇ ತೂಗಿ ನೋಡಬೇಕಿತ್ತು, ಆ ಮಾತು ತೆಗೆದಿದ್ದಾರೆ. 8(2) ಉಳಿದಿದೆ, ಸಾರ್ವಜನಿಕ ಹಿತ ಜಾಸ್ತಿ ಇದ್ದರೆ ಮಾಹಿತಿ ಕೊಡಬಹುದು ಎನ್ನುತ್ತದೆ. ಹಾಗಾಗಿ ಫಲಾನುಭವಿಗಳ ಪಟ್ಟಿ ಕೇಳಿ "ವೈಯಕ್ತಿಕ" ಎಂಬ ಉತ್ತರ ಬಂದರೆ ಮೇಲ್ಮನವಿಯಲ್ಲಿ 8(2) ಹೆಸರಿಸಿ ಬರೆಯಿರಿ.

ಈ ಸೇವೆಯನ್ನು ಹಾಳು ಮಾಡುವವರು ನಮ್ಮ ಕಡೆಯೂ ಇದ್ದಾರೆ. ಅರ್ಜಿ ಹಾಕಿ, ಆಮೇಲೆ ಅಧಿಕಾರಿಯ ಹತ್ತಿರ ದುಡ್ಡು ಕೇಳಿ ವಾಪಸ್ ಪಡೆಯುವವರು. ಅವರಿಂದಾಗಿ ನಿಜವಾಗಿ ಕೇಳುವವರನ್ನೂ ಕಚೇರಿಯಲ್ಲಿ ಕಳ್ಳರ ಹಾಗೆ ನೋಡುತ್ತಾರೆ. ಲಂಚ ತಿಂದವನಿಗೂ ಇವರಿಗೂ ನನ್ನ ಕಣ್ಣಲ್ಲಿ ಏನೂ ವ್ಯತ್ಯಾಸ ಇಲ್ಲ.

ಅರ್ಜಿ ಗೊಡವೆಯೇ ಬೇಡ ಎನ್ನುವವರಿಗೆ ಜಮಾಬಂದಿ ಇದೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ಪ್ರತಿ ಗ್ರಾಮ ಪಂಚಾಯಿತಿ ಲೆಕ್ಕ ಪುಸ್ತಕ ಜನರ ಮುಂದಿಡಬೇಕು, ಕಾಮಗಾರಿ ತೋರಿಸಬೇಕು. ನಮ್ಮ ಕಡೆ ಆ ದಿನ ಹತ್ತು ಜನ ಸೇರುವುದೂ ಕಷ್ಟ. ಟೇಪ್ ತೆಗೆದುಕೊಂಡು ಹೋಗಿ.

ನಾನು ಈಗ ಲೋಕಾಯುಕ್ತಕ್ಕೆ ದೂರು ಸಿದ್ಧ ಮಾಡುತ್ತಿದ್ದೇನೆ. ಅದಕ್ಕೆ ನಿಗದಿತ ನಮೂನೆ, ಜೊತೆಗೆ ಪ್ರಮಾಣ ಪತ್ರ ಬೇಕು, ಸುಳ್ಳು ದೂರಾದರೆ ಕೊಟ್ಟವನಿಗೇ ಶಿಕ್ಷೆ. ಹಾಗಾಗಿ ಬಾಯಿಮಾತಿನ ಆರೋಪ ಹಿಡಿದು ಅಲ್ಲಿಗೆ ಹೋಗುವ ಧೈರ್ಯ ಯಾರಿಗೂ ಬರುವುದಿಲ್ಲ. ನನ್ನ ಹತ್ತಿರ ದೃಢೀಕರಿಸಿದ ಎಂ.ಬಿ. ಪ್ರತಿ ಇದೆ, ಬಿಲ್ ಇದೆ, ಊರವರ ಎದುರು ಆದ ಅಳತೆ ಇದೆ. ಹೊಸ ಅರ್ಜಿಗೆ ಉತ್ತರ ಬಂದ ಕೂಡಲೇ ಅದನ್ನೂ ಸೇರಿಸಿ ಕಳಿಸುತ್ತೇನೆ.